ಲಿನಕ್ಸ್‌ನಲ್ಲಿ ಸಿಪಿಯು ಬಿಸಿ ಯಾವಾಗಲೂ 27.8 ಅಂತಲೇ ತೋರಿಸುತ್ತದೆ. ನಂಬಬಹುದಾ?

ಅಟ್ಟದ ಮೇಷ್ಟ್ರು, ತಿಪಟೂರು
ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ತಿರದ ಹಳ್ಳಿಯವನು ನಾನು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿ ಮಕ್ಕಳಿಗೆ ಕನ್ನಡದಲ್ಲಿ ಪಾಠದ ವಿಡಿಯೊ ಮಾಡಿ ಕೊಡುತ್ತೇನೆ. ಟ್ಯೂಷನ್‌ಗೆ ಹೋಗಲು ಆಗದ ಮಕ್ಕಳು ರಾತ್ರಿ ಅಪ್ಪನ ಫೋನ್‌ನಲ್ಲಿ ನೋಡುತ್ತಾರೆ. ಈ ಕಂಪ್ಯೂಟರ್ ನಿಂತರೆ ಆ ಕೆಲಸವೂ ನಿಲ್ಲುತ್ತದೆ.

ಕಂಪ್ಯೂಟರ್ ಹಳೆಯದು, ಸೆಕೆಂಡ್ ಹ್ಯಾಂಡ್ ತಂದಿದ್ದು. ಇಂಟೆಲ್ ಐ5-4570, 8 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ವಿಡಿಯೊಗೆ ಕೆಡೆನ್‌ಲೈವ್. 12 ನಿಮಿಷದ ಪಾಠ ಎಕ್ಸ್‌ಪೋರ್ಟ್ ಆಗಲು ಮೊದಲು 20 ನಿಮಿಷ ಸಾಕಿತ್ತು. ಈಗ 50 ನಿಮಿಷ ದಾಟುತ್ತಿದೆ. ಕಳೆದ ವಾರ ಎರಡು ಸಲ ಅರ್ಧದಲ್ಲೇ ದಬಕ್ಕನೆ ಆಫ್ ಆಯಿತು. ಕರೆಂಟ್ ಹೋಗಿರಲಿಲ್ಲ. ಯುಪಿಎಸ್ ಕೂಡ ಕೂಗಲಿಲ್ಲ.

ಬಿಸಿ ಇರಬಹುದು ಅಂತ ನನಗೂ ಅನ್ನಿಸಿತ್ತು. ಆದರೆ ಪ್ಯಾನೆಲ್‌ನಲ್ಲಿ ಸೆನ್ಸರ್ ಪ್ಲಗಿನ್ ಹಾಕಿಕೊಂಡು ಒಂದು ವರ್ಷ ಆಯಿತು. ಅದು ದಿನಾ 27.8 ಡಿಗ್ರಿ ತೋರಿಸುತ್ತದೆ. ಹಾಗಾಗಿ ಬಿಸಿ ಅಲ್ಲ ಅಂದುಕೊಂಡು ಪೇಟೆಯಲ್ಲಿ ರಿಪೇರಿ ಮಾಡುವವರೊಬ್ಬರ ಹತ್ತಿರ ಒಯ್ದೆ. ಆನ್ ಮಾಡಿ ಐದು ನಿಮಿಷ ನೋಡಿದರು. ಮದರ್‌ಬೋರ್ಡ್ ಹೋಗಿದೆ, ಬದಲಾಯಿಸಬೇಕು ಅಂದರು. ಕವರ್ ಕೂಡ ಬಿಚ್ಚಲಿಲ್ಲ. ವಾಪಸ್ ತಂದೆ.

ಇವತ್ತು ಮಧ್ಯಾಹ್ನ ಒಂದು ವಿಷಯ ಹೊಳೆಯಿತು. ಮಕ್ಕಳಿಗೆ ತೋರಿಸಲು ಇಟ್ಟುಕೊಂಡ ಥರ್ಮಾಮೀಟರ್ ಅದೇ ಕೋಣೆಯ ಗೋಡೆಯಲ್ಲಿತ್ತು. ಅದರಲ್ಲಿ 36. ಪ್ಯಾನೆಲ್‌ನಲ್ಲಿ 27.8. ಕೋಣೆಗಿಂತ ಪ್ರೊಸೆಸರ್ ತಣ್ಣಗೆ ಇರುವುದು ಹೇಗೆ? ಫ್ಯಾನ್ ಬೀಸುವುದು ಅದೇ 36 ಡಿಗ್ರಿ ಗಾಳಿಯನ್ನು. ಎಷ್ಟು ಬೀಸಿದರೂ 36ಕ್ಕಿಂತ ಕೆಳಗೆ ಇಳಿಸಲಾರದು. ಮಣ್ಣಿನ ಮಡಕೆಯಾದರೆ ನೀರು ಜಿನುಗಿ ಆವಿಯಾಗಿ ತಂಪಾಗುತ್ತದೆ. ಇಲ್ಲಿ ಆವಿಯಾಗುವಂಥದ್ದು ಏನೂ ಇಲ್ಲ. ಅಂದರೆ ಒಂದು ವರ್ಷದಿಂದ ನಾನು ನೋಡುತ್ತಿದ್ದ ಅಂಕಿಯೇ ಸುಳ್ಳು, ಅಲ್ವಾ?

ಹಾಗಾದರೆ ನಿಜವಾದ ಬಿಸಿ ಎಲ್ಲಿ ಸಿಗುತ್ತದೆ? ಎಷ್ಟಿದ್ದರೆ ಭಯಪಡಬೇಕು? ಇನ್ನೊಂದು ಮಾತು, ಕಂಪ್ಯೂಟರ್ ಇರುವುದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ. ಮನೆಯಲ್ಲಿ ಬೇರೆ ಜಾಗ ಇಲ್ಲ.


ಗುಬ್ಬಿ ಡಿಟಿಪಿ
ಭಾನುವಾರ, ರಾತ್ರಿ 10:25

ಮೇಷ್ಟ್ರೇ, ನೀವು ಹಿಡಿದಿದ್ದು ಸರಿ. ಆ 27.8 ಪ್ರೊಸೆಸರ್‌ದಲ್ಲ. ಅದು ಎಸಿಪಿಐ ಥರ್ಮಲ್ ಝೋನ್ ಅನ್ನುವುದು. ಬೋರ್ಡಿನ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಒಳಗಿನ ಪ್ರೋಗ್ರಾಂ) ಕೊಡುವ ಅಂಕಿ. ಎಷ್ಟೋ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಅದರ ಹಿಂದೆ ಸೆನ್ಸರೇ ಇರುವುದಿಲ್ಲ, ಸುಮ್ನೆ ಒಂದು ಅಂಕಿ ಬರೆದು ಬಿಟ್ಟಿರುತ್ತಾರೆ. ನನ್ನ ಅಂಗಡಿಯ ಒಂದು ಮಿಷನ್‌ನಲ್ಲೂ ಇದೇ ಜೋಡಿ, ಒಂದು 27.8, ಇನ್ನೊಂದು 29.8. ಚಳಿಗಾಲದಲ್ಲೂ ಅಷ್ಟೇ, ಬೇಸಿಗೆಯಲ್ಲೂ ಅಷ್ಟೇ.

ಟರ್ಮಿನಲ್ ತೆಗೆದು ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಆಮೇಲೆ ಸುಡೊ (ಅಡ್ಮಿನ್ ಅಧಿಕಾರ) ಕೊಟ್ಟು ಸೆನ್ಸರ್ಸ್-ಡಿಟೆಕ್ಟ್ ಓಡಿಸಿ. ತುಂಬಾ ಪ್ರಶ್ನೆ ಕೇಳುತ್ತದೆ. ಪ್ರತಿ ಸಲ ಎಂಟರ್ ಒತ್ತುತ್ತಾ ಹೋಗಿ. ಅದು ತಾನೇ ಆರಿಸಿಟ್ಟ ಉತ್ತರ ಸುರಕ್ಷಿತವಾಗಿರುತ್ತದೆ, ನೀವಾಗಿ ಬದಲಾಯಿಸಬೇಡಿ. ಕೊನೆಯಲ್ಲಿ ಬೇಕಾದ ಮಾಡ್ಯೂಲ್ ಸೇರಿಸಲೇ ಅಂತ ಕೇಳುತ್ತದೆ. ಅದಕ್ಕೆ ಮಾತ್ರ ಯೆಸ್ ಅನ್ನಿ. ರೀಸ್ಟಾರ್ಟ್ ಮಾಡಿ.

ಈಗ ಸೆನ್ಸರ್ಸ್ ಅಂತ ಒಂದೇ ಪದ ಕೊಟ್ಟರೆ ಪಟ್ಟಿ ಬರುತ್ತದೆ. ಅದರಲ್ಲಿ ಕೋರ್‌ಟೆಂಪ್ ಅಂತ ಇರುವ ಭಾಗ ನೋಡಿ. ಇಂಟೆಲ್‌ಗೆ ಅದೇ ಡ್ರೈವರ್. ಪ್ಯಾಕೇಜ್ ಅಂತ ಒಂದು ಸಾಲು, ಕೆಳಗೆ ನಾಲ್ಕು ಕೋರ್‌ಗೆ ನಾಲ್ಕು ಸಾಲು. ಪಕ್ಕದಲ್ಲೇ ಹೈ (ಹೆಚ್ಚು), ಕ್ರಿಟ್ (ಅಪಾಯ) ಅಂತ ಎರಡು ಗಡಿ ಬರೆದಿರುತ್ತದೆ. ನಿಮ್ಮ ಪ್ರೊಸೆಸರ್‌ಗೆ ಕ್ರಿಟ್ 100 ಇರುತ್ತದೆ. ಎರಡು ಸೆಕೆಂಡಿಗೊಮ್ಮೆ ತಾನೇ ಹೊಸದಾಗಿ ಬರಬೇಕಾದರೆ ವಾಚ್ ಅಂತ ಮುಂದೆ ಸೇರಿಸಿ.

ಪ್ಯಾನೆಲ್ ಪ್ಲಗಿನ್‌ನ ಪ್ರಾಪರ್ಟೀಸ್‌ನಲ್ಲೂ ಎಸಿಪಿಐ ಟಿಕ್ ತೆಗೆದು ಕೋರ್‌ಟೆಂಪ್‌ನ ಪ್ಯಾಕೇಜ್‌ಗೆ ಟಿಕ್ ಹಾಕಿ. ದಿನಾ ಕಣ್ಣಿಗೆ ಬೀಳುವುದು ಅದೇ ತಾನೇ.

ಕೊಬ್ಬರಿ ಅಟ್ಟದ ಕೆಳಗೆ ಅಂದಿರಲ್ಲ, ಅಲ್ಲೇ ನನಗೆ ಅನುಮಾನ.


ಅಟ್ಟದ ಮೇಷ್ಟ್ರು, ತಿಪಟೂರು
ಸೋಮವಾರ, ಸಂಜೆ 6:40

ಅಕ್ಕ, ತುಂಬಾ ಉಪಕಾರವಾಯಿತು. ಶಾಲೆಯಿಂದ ಬಂದ ಕೂಡಲೇ ಮಾಡಿದೆ. ಅಂಕಿ ನೋಡಿ ಕೈ ತಣ್ಣಗಾಯಿತು.

ಕೋಣೆ 34. ಏನೂ ಕೆಲಸ ಇಲ್ಲದೆ ಡೆಸ್ಕ್‌ಟಾಪ್ ಸುಮ್ಮನೆ ತೆರೆದಿದ್ದಾಗ ಪ್ಯಾಕೇಜ್ 61. ಕೆಡೆನ್‌ಲೈವ್‌ನಲ್ಲಿ ಎಕ್ಸ್‌ಪೋರ್ಟ್ ಕೊಟ್ಟೆ. 40 ಸೆಕೆಂಡಿನಲ್ಲಿ 99. ಆಮೇಲೆ 99, 100, 99 ಅಂತ ಅಲ್ಲೇ ನಿಂತಿತು. ಫ್ಯಾನ್ ಸುತ್ತು 2,000ದ ಹತ್ತಿರ. ಕಿವಿಗೆ ಕೇಳುವಷ್ಟು ಸದ್ದು. ಆ ಸದ್ದನ್ನು ನಾನು ಹಳೇ ಕಂಪ್ಯೂಟರ್ ಅಂದರೆ ಹೀಗೇ ಅಂದುಕೊಂಡಿದ್ದೆ.

ಎಸಿಪಿಐ ಸಾಲು ಮಾತ್ರ ಆಗಲೂ 27.8.


ಕೆಜಿಎಫ್ ವೈರಿಂಗ್
ಸೋಮವಾರ, ರಾತ್ರಿ 8:05

ಸರ್, ಬಿಸಿ ಇದೆ ಅನ್ನುವುದು ಖಚಿತ ಆಯಿತು. ಆದರೆ ನಿಧಾನ ಆಗುವುದು ಒಂದು, ಆಫ್ ಆಗುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ನೋಡಿ.

100 ಮುಟ್ಟಿದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ನಿಮ್ಮ 20 ನಿಮಿಷ 50 ಆಗಿದ್ದು ಅದರಿಂದಲೇ. ವೇಗ ಇಳಿಸಿದರೂ ಬಿಸಿ ಏರುತ್ತಲೇ ಹೋದರೆ ಹಾರ್ಡ್‌ವೇರೇ ಕರೆಂಟ್ ಕಟ್ ಮಾಡುತ್ತದೆ. ಲಿನಕ್ಸನ್ನು ಕೇಳುವುದಿಲ್ಲ. ಹಾಗಾಗಿ ಅದನ್ನು ಲಾಗ್‌ನಲ್ಲಿ ಬರೆಯಲು ಸಮಯವೇ ಇರುವುದಿಲ್ಲ. ಆದರೆ ಅದಕ್ಕೂ ಮುಂಚೆ ಥ್ರಾಟ್ಲಿಂಗ್ ಆಗಿದ್ದರೆ ಆ ಸಾಲುಗಳು ಸಿಗುತ್ತವೆ. ಆಫ್ ಆಗಿ ಮತ್ತೆ ಆನ್ ಮಾಡಿದ ಮೇಲೆ ಜರ್ನಲ್‌ಸಿಟಿಎಲ್ ಕೊಟ್ಟು, ಕೆ ಮತ್ತು ಬಿ ಆಯ್ಕೆ ಸೇರಿಸಿ, ಬಿ ಮುಂದೆ ಮೈನಸ್ 1 ಹಾಕಿ. ಹಿಂದಿನ ಸಲದ ಕರ್ನಲ್ ಲಾಗ್ ಬರುತ್ತದೆ. ಮೈನಸ್ 2 ಅಂದರೆ ಅದರ ಹಿಂದಿನದು. ಕೊನೆಯ ಸಾಲುಗಳಲ್ಲಿ ಕೋರ್ ಟೆಂಪರೇಚರ್ ಅಬವ್ ಥ್ರೆಶೋಲ್ಡ್ ಅಂತ ಇದ್ದರೆ ಬಿಸಿಯೇ ಕಾರಣ ಅಂತ ಜಾಸ್ತಿ ನಂಬಬಹುದು. ಏನೂ ಇಲ್ಲದೆ ಸಾಮಾನ್ಯ ಸಾಲುಗಳ ನಡುವೆಯೇ ನಿಂತಿದ್ದರೆ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಮೇಲೆ ಕಣ್ಣಿಡಿ.

ಒಂದು ಎಚ್ಚರಿಕೆ. ಎಸ್‌ಎಂಪಿಎಸ್ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಹೊರಗಿನಿಂದಲೇ ಗಾಳಿ ಊದಿ.


ಚಿಂತಾಮಣಿ ಪೆಂಗ್ವಿನ್
ಸೋಮವಾರ, ರಾತ್ರಿ 8:50

ಮೇಷ್ಟ್ರೇ, ತುರ್ತಿಗೆ ಟರ್ಬೊ (ಪ್ರೊಸೆಸರ್ ತಾನೇ ಮಾಮೂಲಿಗಿಂತ ವೇಗ ಏರಿಸಿಕೊಳ್ಳುವುದು) ಆಫ್ ಮಾಡಿ. ಇಂಟೆಲ್ ಪಿ-ಸ್ಟೇಟ್ ಫೋಲ್ಡರ್‌ನಲ್ಲಿ ನೋ ಟರ್ಬೊ ಅಂತ ಒಂದು ಫೈಲ್ ಇರುತ್ತದೆ. ಅದಕ್ಕೆ 1 ಬರೆದರೆ 3.2 ಗಿಗಾಹರ್ಟ್ಸ್ ದಾಟುವುದಿಲ್ಲ. ನಾನು ಹಾಗೇ ಓಡಿಸುತ್ತೇನೆ. ಬಿಚ್ಚುವ ರಗಳೆ ಇಲ್ಲ.


ಗುಬ್ಬಿ ಡಿಟಿಪಿ
ಸೋಮವಾರ, ರಾತ್ರಿ 9:15

ತಮ್ಮಾ, ಇವತ್ತು ರಾತ್ರಿ ಪಾಠ ಕಳಿಸಲೇಬೇಕು ಅಂದರೆ ಸರಿ. ಆದರೆ ಏನೂ ಕೆಲಸ ಇಲ್ಲದೆ ಕೂತಾಗಲೇ 61 ಇದೆ. ಟರ್ಬೊ ತೆಗೆದರೆ ಅದು ಇಳಿಯುವುದಿಲ್ಲ. ಬಿಸಿ ಹೊರಗೆ ಹೋಗುವ ದಾರಿಯೇ ಕಟ್ಟಿಕೊಂಡಿದೆ. ಜ್ವರಕ್ಕೆ ಒದ್ದೆ ಬಟ್ಟೆ ಹಾಕಬಹುದು, ಡಾಕ್ಟರ್ ಹತ್ತಿರ ಹೋಗುವುದನ್ನು ಬಿಡಬಾರದು.

ಮೇಷ್ಟ್ರೇ, ಬಿಚ್ಚಿ. ಥರ್ಮಲ್ ಪೇಸ್ಟ್ (ಪ್ರೊಸೆಸರ್‌ಗೂ ಅದರ ಮೇಲಿನ ಕೂಲರ್‌ಗೂ ನಡುವೆ ಹಚ್ಚುವುದು) ಒಂದು ಸಣ್ಣ ಟ್ಯೂಬ್, ಮೆಡಿಕಲ್ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್, ಎರಡು ಇಂಚಿನ ಪೇಂಟ್ ಬ್ರಷ್. ಇಷ್ಟೇ ಸಾಕು. ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಗಾಳಿ ಊದಿ. ಬಿಟ್ಟರೆ ಗಿರ‍್ರಂತ ತಿರುಗಿ ಬೇರಿಂಗ್ ಹಾಳಾಗುತ್ತದೆ.


ಅಟ್ಟದ ಮೇಷ್ಟ್ರು, ತಿಪಟೂರು
ಭಾನುವಾರ, ಮಧ್ಯಾಹ್ನ 3:30

ಪೇಸ್ಟ್ ತರಿಸಿಕೊಳ್ಳಲು ಶುಕ್ರವಾರದವರೆಗೆ ಕಾಯಬೇಕಾಯಿತು. ಇವತ್ತು ಬೆಳಗ್ಗೆ ಕೂತು ಕೆಲಸ ಮುಗಿಸಿದೆ. ನೋಡಿದ್ದನ್ನೆಲ್ಲ ಬರೆಯುತ್ತೇನೆ. ನನ್ನ ಥರ ಅಟ್ಟದ ಮನೆಯವರು ಈ ಕಡೆ ತುಂಬಾ ಜನ ಇದ್ದಾರೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲು ಲಾಗ್. ಕೆಜಿಎಫ್ ಅಣ್ಣ ಹೇಳಿದಂತೆ ಹಿಂದಿನ ಬೂಟ್‌ಗಳನ್ನು ನೋಡಿದೆ. ಆಫ್ ಆದ ಎರಡೂ ಸಲ ಕೊನೆಯಲ್ಲಿ ಅದೇ ಮಾತು, ಟೆಂಪರೇಚರ್ ಅಬವ್ ಥ್ರೆಶೋಲ್ಡ್, ಸಿಪಿಯು ಕ್ಲಾಕ್ ಥ್ರಾಟಲ್ಡ್. ನಾಲ್ಕು ಕೋರ್‌ಗೂ ಸಾಲು ಸಾಲಾಗಿ. ಒಂದು ವರ್ಷದಿಂದ ಕಂಪ್ಯೂಟರ್ ಹೇಳುತ್ತಲೇ ಇತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

ಬಿಚ್ಚುವ ಮುಂಚೆ ಇನ್ನೊಂದು ಅಂಕಿ ಬರೆದುಕೊಂಡೆ. ಎಕ್ಸ್‌ಪೋರ್ಟ್ ನಡೆಯುವಾಗ ಪ್ರೊಸೆಸರ್ ವೇಗ. ಪ್ರೊಕ್ ಒಳಗಿನ ಸಿಪಿಯು ಇನ್ಫೊ ಫೈಲಿನಲ್ಲಿ ಸಿಗುತ್ತದೆ. ನಾಲ್ಕೂ ಕೋರ್ ದುಡಿಯುವಾಗ 3.4 ಗಿಗಾಹರ್ಟ್ಸ್ ಇರಬೇಕಾದದ್ದು 1.9, 2.1 ಅಂತ ಹೊಯ್ದಾಡುತ್ತಿತ್ತು.

ಪ್ಲಗ್ ಕಿತ್ತೆ. ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಕಳೆದೆ. ಕ್ಯಾಬಿನೆಟ್ ಕಬ್ಬಿಣ ಮುಟ್ಟಿಕೊಂಡು ಪಕ್ಕದ ಬಾಗಿಲು ತೆಗೆದೆ. ಮೇಲೆ ನೋಡಿದರೆ ಅಷ್ಟೇನೂ ಧೂಳಿಲ್ಲ. ಫ್ಯಾನ್ ರೆಕ್ಕೆಗಳೂ ಪರವಾಗಿಲ್ಲ. ರಿಪೇರಿಯವರು ಕವರ್ ತೆಗೆದಿದ್ದರೂ ಇಷ್ಟೇ ಕಾಣುತ್ತಿತ್ತೇನೋ. ಆದರೆ ಫ್ಯಾನನ್ನು ಪ್ರೊಸೆಸರ್ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್‌ನಿಂದ ಬಿಡಿಸಿದಾಗ ನಿಜ ಕಂಡಿತು. ಫ್ಯಾನಿಗೂ ಅಲ್ಯೂಮಿನಿಯಂ ಗರಿಗಳಿಗೂ ನಡುವೆ ಕಂದು ಬಣ್ಣದ ಒಂದು ಬಿಲ್ಲೆ. ಚಾಪೆ ಹೆಣೆದಂತೆ ಗಟ್ಟಿಯಾಗಿತ್ತು. ಉಗುರಿನಲ್ಲಿ ಎತ್ತಿದರೆ ಇಡೀ ತುಂಡೇ ಎದ್ದು ಬಂತು. ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ತೆಂಗಿನ ಸಿಪ್ಪೆಯ ನಾರು ಮತ್ತು ಪುಡಿ.

ಅಟ್ಟದ ಬಗ್ಗೆ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಲು ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. 10-11 ತಿಂಗಳು ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡುತ್ತದೆ. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು. ಗಾಳಿ ಆಡಲಿ ಅಂತ ಅಟ್ಟದ ಹಲಗೆಗಳ ನಡುವೆ ಸಂದಿ ಬಿಟ್ಟಿರುತ್ತಾರೆ. ಆ ಸಂದಿಯಿಂದ ಒಣಗಿದ ಸಿಪ್ಪೆಯ ಪುಡಿ ವರ್ಷವಿಡೀ ಉದುರುತ್ತದೆ. ಬರೀ ಮಣ್ಣಿನ ಧೂಳಾದರೆ ಗರಿಗಳ ನಡುವೆ ಹಾದು ಹೋಗುತ್ತದೆ. ನಾರು ಹಾಗಲ್ಲ. ಮೊದಲು ಎರಡು ಎಳೆ ಅಡ್ಡ ಕೂರುತ್ತದೆ. ಆಮೇಲೆ ಬಂದ ಪುಡಿಯನ್ನೆಲ್ಲ ಅದೇ ಹಿಡಿದು ನಿಲ್ಲಿಸುತ್ತದೆ. ಕಾಫಿ ಸೋಸುವ ಬಟ್ಟೆ ಇದ್ದಂತೆ.

ಬ್ರಷ್‌ನಲ್ಲಿ ಗರಿ ಗರಿಯಾಗಿ ಬಿಡಿಸಿ ಗುಡಿಸಿದೆ. ಆಮೇಲೆ ಹೀಟ್‌ಸಿಂಕ್ ತೆಗೆಯಲು ಹೋದಾಗ ಇನ್ನೊಂದು ಕಂಡಿತು. ಇಂಟೆಲ್‌ನ ಈ ಕೂಲರ್‌ಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಒತ್ತುಗುಂಡಿ. ಮೂರು ಬಿಗಿಯಾಗಿದ್ದವು. ನಾಲ್ಕನೆಯದು ಬೋರ್ಡಿನ ಆಚೆಗೆ ಹೋಗಿ ಕಚ್ಚಿಕೊಂಡೇ ಇರಲಿಲ್ಲ. ಅಂದರೆ ಆ ಮೂಲೆಯಲ್ಲಿ ಹೀಟ್‌ಸಿಂಕ್ ಪ್ರೊಸೆಸರ್‌ಗೆ ಸರಿಯಾಗಿ ಅಂಟಿಯೇ ಇಲ್ಲ. ಹಳೆಯ ಪೇಸ್ಟ್ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ, ಒಣಗಿ ಸುಣ್ಣದಂತಾಗಿತ್ತು.

ಗುಂಡಿಯ ತಲೆಯ ಮೇಲೆ ಒಂದು ಬಾಣ ಇರುತ್ತದೆ. ಆ ದಿಕ್ಕಿಗೆ ತಿರುಗಿಸಿ ಎಳೆದರೆ ಬಿಡುತ್ತದೆ. ಮತ್ತೆ ಕೂರಿಸುವ ಮುಂಚೆ ನಾಲ್ಕನ್ನೂ ವಾಪಸ್ ತಿರುಗಿಸಿಕೊಳ್ಳಬೇಕು. ಇದನ್ನು ಮರೆತು ಒತ್ತಿದರೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಪ್ರೊಸೆಸರ್ ಮುಖವನ್ನು ಆಲ್ಕೊಹಾಲ್‌ನಲ್ಲಿ ಒರೆಸಿ, ನಡುವೆ ಒಂದು ಬಟಾಣಿಯಷ್ಟು ಪೇಸ್ಟ್ ಇಟ್ಟೆ. ಹರಡಲಿಲ್ಲ, ಒತ್ತಿದಾಗ ತಾನೇ ಹರಡುತ್ತದೆ. ಗುಂಡಿಗಳನ್ನು ಎದುರು ಬದುರು ಮೂಲೆಯ ಜೋಡಿಯಾಗಿ ಒತ್ತಿದೆ. ನಾಲ್ಕು ಸಲ ಟಕ್ ಅಂತ ಕೇಳುವವರೆಗೆ ಬಿಡಲಿಲ್ಲ.

ಈಗ ಅಂಕಿಗಳು. ಕೋಣೆ 33. ಸುಮ್ಮನಿದ್ದಾಗ 43. ಅದೇ ಪಾಠ ಎಕ್ಸ್‌ಪೋರ್ಟ್ ಕೊಟ್ಟೆ. ಹತ್ತು ನಿಮಿಷದ ಮೇಲೆ 72ರಲ್ಲಿ ನಿಂತಿತು. ಫ್ಯಾನ್ 1,150 ಸುತ್ತು. ವೇಗ 3.4 ಗಿಗಾಹರ್ಟ್ಸ್, ಅಲ್ಲಾಡಲಿಲ್ಲ. 21 ನಿಮಿಷಕ್ಕೆ ಮುಗಿಯಿತು. ಥ್ರಾಟಲ್ ಆದ ಲೆಕ್ಕ ಇಡುವ ಫೈಲ್ ಕೂಡ ನೋಡಿದೆ. ಸಿಪಿಯು ಫೋಲ್ಡರ್ ಒಳಗೆ ಥರ್ಮಲ್ ಥ್ರಾಟಲ್ ಅಂತ ಇದೆ. ಆನ್ ಮಾಡಿದಾಗಿನಿಂದ ಎಷ್ಟು ಸಲ ಅಂತ ಬರೆದಿರುತ್ತದೆ. ಸೊನ್ನೆ.

ಮದರ್‌ಬೋರ್ಡ್ ಏನೂ ಆಗಿಲ್ಲ.


ಗುಬ್ಬಿ ಡಿಟಿಪಿ
ಭಾನುವಾರ, ಸಂಜೆ 5:00

ಓದಿ ತುಂಬಾ ಖುಷಿಯಾಯಿತು ಮೇಷ್ಟ್ರೇ. ಆ ನಾಲ್ಕನೇ ಗುಂಡಿ ಎಷ್ಟೋ ಮಿಷನ್‌ಗಳನ್ನು ತಿಂದಿದೆ.

ಒಂದು ಸೇರಿಸುತ್ತೇನೆ. ಇಂಟೆಲ್ ಪ್ರೊಸೆಸರ್ ಒಳಗಿನ ಸೆನ್ಸರ್ ಸೊನ್ನೆಯಿಂದ ಮೇಲಕ್ಕೆ ಅಳೆಯುವುದಿಲ್ಲ. ಗಡಿಯಿಂದ ಎಷ್ಟು ಕೆಳಗಿದ್ದೇನೆ ಅಂತ ಹೇಳುತ್ತದೆ. 100ರಿಂದ ಅದನ್ನು ಕಳೆದು ಡ್ರೈವರ್ ನಮಗೆ ತೋರಿಸುತ್ತದೆ. ಹಾಗಾಗಿ 90ರ ಮೇಲೆ ಇದ್ದಾಗ ಅಂಕಿ ಚೆನ್ನಾಗಿ ನಂಬಬಹುದು. ತಣ್ಣಗಿದ್ದಾಗ ಕೆಲವು ಡಿಗ್ರಿ ಆಚೀಚೆ ಇರುತ್ತದೆ. ಸುಮ್ಮನಿದ್ದಾಗ ಒಂದು ಕೋರ್ 41, ಇನ್ನೊಂದು 45 ಅಂದರೆ ತಲೆ ಕೆಡಿಸಿಕೊಳ್ಳಬೇಡಿ.


ಅಟ್ಟದ ಮೇಷ್ಟ್ರು, ತಿಪಟೂರು
ಭಾನುವಾರ, ರಾತ್ರಿ 10:45

ಬಾವಿಯ ಕಟ್ಟೆಯಿಂದ ಹಗ್ಗ ಬಿಟ್ಟು ನೀರು ಎಷ್ಟು ಕೆಳಗಿದೆ ಅಂತ ಅಳೆದಂತೆ, ಅಲ್ವಾ ಅಕ್ಕ? ನೀರು ಮೇಲಿದ್ದರೆ ಲೆಕ್ಕ ಸರಿ ಸಿಗುತ್ತದೆ, ಆಳಕ್ಕೆ ಹೋದಷ್ಟೂ ಹಗ್ಗ ತೂಗಾಡುತ್ತದೆ. ಇದನ್ನು ಮಕ್ಕಳಿಗೆ ಹೇಳುತ್ತೇನೆ.

ನಾನೂ ಒಂದು ಪರೀಕ್ಷೆ ಮಾಡಿದೆ. ರಾತ್ರಿ ಕೋಣೆ 26ಕ್ಕೆ ಇಳಿದಿತ್ತು. ಅದೇ ಪಾಠ, ಅದೇ ಎಕ್ಸ್‌ಪೋರ್ಟ್. ಈಗ 65ರಲ್ಲಿ ನಿಂತಿತು. ಮಧ್ಯಾಹ್ನ 33ರ ಕೋಣೆಯಲ್ಲಿ 72. ಎರಡರಲ್ಲೂ ಕೋಣೆಯನ್ನು ಕಳೆದರೆ ಉಳಿಯುವುದು 39. ಅಂದರೆ ಇಷ್ಟು ಕೆಲಸಕ್ಕೆ ಈ ಕೂಲರ್ ಕೋಣೆಗಿಂತ 39 ಡಿಗ್ರಿ ಮೇಲೆ ಇಡುತ್ತದೆ. ನನಗೆ ಈ 39 ತುಂಬಾ ಮುಖ್ಯ ಅನ್ನಿಸಿತು. ಬರೀ ಪ್ರೊಸೆಸರ್ ಅಂಕಿ ನೋಡಿದರೆ ಏಪ್ರಿಲ್‌ನಲ್ಲಿ ಸುಮ್ನೆ ಭಯ ಆಗುತ್ತದೆ, ಡಿಸೆಂಬರ್‌ನಲ್ಲಿ ಸುಳ್ಳು ಧೈರ್ಯ ಬರುತ್ತದೆ. ಕೋಣೆ ಕಳೆದು ನೋಡಿದರೆ ನಾರು ಕಟ್ಟಿಕೊಳ್ಳುತ್ತಿದೆಯೇ ಅಂತ ಯಾವ ಕಾಲದಲ್ಲೂ ಗೊತ್ತಾಗುತ್ತದೆ. 39 ಇದ್ದದ್ದು 45 ಆದರೆ ಬ್ರಷ್ ತೆಗೆಯುವ ಹೊತ್ತಾಯಿತು ಅಂತ ಲೆಕ್ಕ.

ಈಗ ನನ್ನ ಕೊನೆಯ ಪ್ರಶ್ನೆ. ಕೆಡೆನ್‌ಲೈವ್ ಓಡುವಾಗ ನಾನು ಎದುರಿಗೆ ಕೂತಿರುವುದಿಲ್ಲ. ನಿಮಿಷಕ್ಕೊಂದು ಸಲ ಬಿಸಿಯನ್ನು ಒಂದು ಫೈಲಿಗೆ ಬರೆದಿಡುವುದು ಹೇಗೆ?


ಚಿಂತಾಮಣಿ ಪೆಂಗ್ವಿನ್
ಸೋಮವಾರ, ಬೆಳಗ್ಗೆ 7:20

ಇದು ನನಗೆ ಗೊತ್ತು ಮೇಷ್ಟ್ರೇ. ಸೆನ್ಸರ್ಸ್ ತೋರಿಸುವ ಅಂಕಿಗಳೆಲ್ಲ ಸಿಸ್ ಫೋಲ್ಡರ್‌ನ ಕ್ಲಾಸ್ ಒಳಗೆ ಎಚ್‌ಡಬ್ಲ್ಯುಮಾನ್‌ನಲ್ಲಿ ಸಾದಾ ಫೈಲ್‌ಗಳಾಗಿ ಇರುತ್ತವೆ. ಟೆಂಪ್1 ಇನ್‌ಪುಟ್ ಫೈಲ್ ಓದಿದರೆ 72000 ಅಂತ ಬರುತ್ತದೆ. ಸಾವಿರದಿಂದ ಭಾಗಿಸಿದರೆ ಡಿಗ್ರಿ. ಅದರ ಜೊತೆ ಸಮಯ ಸೇರಿಸಿ ಫೈಲಿನ ಕೊನೆಗೆ ಅಂಟಿಸುವ ಸಣ್ಣ ಸ್ಕ್ರಿಪ್ಟ್ ಬರೆದು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ನಿಮಿಷಕ್ಕೊಮ್ಮೆ ಓಡುವಂತೆ ಇಡಿ.

ನಾನು ಒಂದು ಕಡೆ ಎಡವಿದ್ದೆ, ಅದನ್ನು ಹೇಳಿಬಿಡುತ್ತೇನೆ. ಎಚ್‌ಡಬ್ಲ್ಯುಮಾನ್ ಒಳಗೆ 0, 1, 2 ಅಂತ ಫೋಲ್ಡರ್‌ಗಳು ಇರುತ್ತವೆ. ಇವತ್ತು ಪ್ರೊಸೆಸರ್ 1ರಲ್ಲಿ ಇದ್ದರೆ ಮುಂದಿನ ಸಲ ಆನ್ ಮಾಡಿದಾಗ 2ಕ್ಕೆ ಹೋಗಬಹುದು. ನಂಬರ್ ನಂಬಿ ಬರೆದರೆ ಮತ್ತೆ 27.8ರ ಕಥೆಯೇ. ಪ್ರತಿ ಫೋಲ್ಡರ್‌ನಲ್ಲಿ ನೇಮ್ ಅಂತ ಫೈಲ್ ಇದೆ. ಅದರಲ್ಲಿ ಕೋರ್‌ಟೆಂಪ್ ಅಂತ ಇರುವುದನ್ನು ಸ್ಕ್ರಿಪ್ಟೇ ಹುಡುಕಿಕೊಳ್ಳಲಿ. ನನ್ನದು ಎಎಂಡಿ ರೈಝೆನ್. ಅದರಲ್ಲಿ ಕೋರ್‌ಟೆಂಪ್ ಇರುವುದಿಲ್ಲ, ಕೆ10ಟೆಂಪ್ ಅಂತ ಹುಡುಕಬೇಕು.

ನಿಮ್ಮ ಪೋಸ್ಟ್ ಓದಿ ನಾನೂ ನಿನ್ನೆ ಟರ್ಬೊ ಬಿಟ್ಟು ಬ್ರಷ್ ಹಿಡಿದೆ. 11 ಡಿಗ್ರಿ ಇಳಿಯಿತು.


ಕೆಜಿಎಫ್ ವೈರಿಂಗ್
ಸೋಮವಾರ, ಬೆಳಗ್ಗೆ 8:00

ಸರ್, ಕ್ಯಾಬಿನೆಟ್ ಮುಂದಿನ ಗಾಳಿ ಬರುವ ಜಾಗಕ್ಕೆ ತೆಳುವಾದ ಸೊಳ್ಳೆ ಪರದೆ ಬಟ್ಟೆ ಕಟ್ಟಿ. ನಾರು ಅಲ್ಲೇ ನಿಲ್ಲುತ್ತದೆ, ಹದಿನೈದು ದಿನಕ್ಕೊಮ್ಮೆ ತೆಗೆದು ಕೊಡವಿದರೆ ಸಾಕು. ಎರಡು ಪದರ ಮಾಡಬೇಡಿ, ಗಾಳಿ ಕಟ್ಟುತ್ತದೆ. ಕಟ್ಟಿದ ಮೇಲೆ ನಿಮ್ಮ 39 ಎಷ್ಟಾಯಿತು ಹೇಳಿ.


ಅಟ್ಟದ ಮೇಷ್ಟ್ರು, ತಿಪಟೂರು
ಮಂಗಳವಾರ, ರಾತ್ರಿ 9:30

ಪರದೆ ಕಟ್ಟಿದೆ. 41 ಆಯಿತು. ಎರಡು ಡಿಗ್ರಿ ಹೋದರೆ ಹೋಗಲಿ, ನಾರು ಒಳಗೆ ಬರದಿದ್ದರೆ ಸಾಕು. ಕ್ಯಾಬಿನೆಟನ್ನೂ ನೆಲದಿಂದ ಒಂದು ಅಡಿ ಎತ್ತರದ ಮಣೆಯ ಮೇಲೆ ಇಟ್ಟೆ, ಹಲಗೆ ಸಂದಿಯ ನೇರ ಕೆಳಗಿನಿಂದ ಗೋಡೆ ಕಡೆಗೆ ಸರಿಸಿದೆ.

ಸ್ಕ್ರಿಪ್ಟ್ ಓಡುತ್ತಿದೆ. ಚಿಂತಾಮಣಿ ತಮ್ಮ ಹೇಳಿದಂತೆ ಹೆಸರು ಹುಡುಕಿಯೇ ಓದುತ್ತದೆ. ಮುಂದಿನ ತಿಂಗಳು ಅಟ್ಟದಿಂದ ಕಾಯಿ ಇಳಿಸಿ ಅಂಗಳದಲ್ಲಿ ಸುಲಿಸುತ್ತೇವೆ. ವರ್ಷದಲ್ಲಿ ಅತಿ ಹೆಚ್ಚು ಪುಡಿ ಏಳುವುದು ಆ ಮೂರು ದಿನ. ಆಗ ಕಂಪ್ಯೂಟರ್‌ಗೆ ಬಟ್ಟೆ ಹೊದಿಸಿ ಆಫ್ ಮಾಡಿಯೇ ಇಡುತ್ತೇನೆ. ಆಮೇಲಿನ ಒಂದು ವಾರದ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.